ಬಂಡೆಮನೆಗೆ ಹೋದ ಕುರಿ

ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ ಯಾವ ಬಟ್ಟೆ ಅಂಗಡಿ ಹೊಸದಾಗಿ ಬಾಗಿಲು ತೆಗೆದರೂ, ಯಾವ ಹೋಟೆಲಿನವನು ಬಿರಿಯಾನಿ ರೇಟು ಇಳಿಸಿದರೂ ಅದನ್ನು ಊರಿಗೆಲ್ಲ ಸಾರುವ ಗಂಟಲು ನನ್ನದು. ಆಟೋ ನೆತ್ತಿಗೆ ಮೈಕು ಕಟ್ಟಿ, ಒಳಗೆ ನನ್ನ ದನಿ ತುಂಬಿದ ಪೆನ್‌ಡ್ರೈವ್ ಸಿಕ್ಕಿಸಿ ಬೀದಿಗೆ ಬಿಡುತ್ತಾರೆ. ನನ್ನನ್ನೇ ಆಟೋದಲ್ಲಿ ಕೂರಿಸುವುದಿಲ್ಲ. ಹುರಿದ ಶೇಂಗಾದ ಸಿಪ್ಪೆಯಂಥ ಈ ಮುಖ ಕಂಡರೆ ಬರುವ ಗಿರಾಕಿಯೂ ಹಿಂದಕ್ಕೆ ಹೋದಾನೆಂಬ ಭಯ. ಮಂತ್ರಿಗಳ ದನಿ, ಬಸ್ ಕಂಡಕ್ಟರನ ದನಿ, ಹೆಂಡತಿ ಎದುರಿಗಿರುವಾಗ ಮೇಷ್ಟ್ರ ದನಿ, ಹೆಂಡತಿ ತವರಿಗೆ ಹೋದಾಗ ಅದೇ ಮೇಷ್ಟ್ರ ದನಿ, ಎಲ್ಲ ನನ್ನಲ್ಲಿ ಸಿಗುತ್ತವೆ. ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಮಣ್ಣು ಮಾಡಿ ಬರುವವರೆಗೆ ಅಳುತ್ತಾರೆ. ಕಣ್ಣೀರು ಆರಿದ ಮೇಲೆ ನನ್ನನ್ನು ಮೂಲೆಗೆ ಕರೆದು, "ಒಂದ್ಸಲ ಅವರಂಗೆ ಮಾತಾಡಲೇ" ಅನ್ನುತ್ತಾರೆ.

ಇಂಥ ಗಂಟಲು ಹೋದ ವರ್ಷ ಚುನಾವಣೆಯಲ್ಲಿ ಮೂರೂ ಪಕ್ಷಗಳಿಗೆ ಕೂಗಿ ಕೂಗಿ ಕಟ್ಟಿಹೋಯಿತು. ಒಳಗೆ ಗಂಟಾಗಿದೆ, ಪಿಟ್ಟೆನ್ನಬೇಡ ಎಂದರು ಡಾಕ್ಟರು. ಊರು ಸುಖವಾಗಿತ್ತು. ಪಕ್ಕದ ಮನೆಯ ಅತ್ತೆ ಆ ಡಾಕ್ಟರಿಗೆ ಗಿಣ್ಣದ ಹಾಲು ಕಳಿಸಿದರೆಂದು ಸುದ್ದಿ. ಅವ್ವ ಒಬ್ಬಳೇ ಹೆದರಿದಳು. ಮಾತು ನಿಂತರೆ ಈ ಮಗ ಇನ್ನಾವ ಕೆಲಸಕ್ಕೂ ಬಾರದವನೆಂದು ಅವಳಿಗೆ ನನಗಿಂತ ಮೊದಲೇ ಗೊತ್ತಿತ್ತು. ಹರಕೆ ಹೊತ್ತಳು: ಮಗನ ದನಿ ತಿರುಗಿ ಬಂದರೆ, ಸುಗ್ಗಿ ಕಾಣಿಕೆಯ ದಿನ ತನ್ನ ಕುರಿಯನ್ನು ದೇವರಿಗೆ ಒಪ್ಪಿಸುತ್ತೇನೆ.

ನಮ್ಮ ಮನೆಯಲ್ಲಿದ್ದದ್ದು ಅದೊಂದೇ ಕುರಿ. ಅವ್ವ ಮೊಳಕಾಲ್ಮೂರಿನಲ್ಲಿ ಪಕ್ಕದವರ ಮಗ್ಗಕ್ಕೆ ಎದುರಾಳಾಗಿ ಕೂರುತ್ತಾಳೆ. ಅಂಚು ಒಂದು ಬಣ್ಣ, ಒಡಲು ಒಂದು ಬಣ್ಣ ಇರುವ ರೇಷ್ಮೆ ಸೀರೆಯನ್ನು ಒಬ್ಬರೇ ನೇಯಲಾಗುವುದಿಲ್ಲ; ಆಚೆಯ ಅಂಚಿನ ಲಾಳಿಯನ್ನು ಹಿಡಿದು ಕೊಡಲು ಇನ್ನೊಬ್ಬರು ಬೇಕು. ಹಗಲೆಲ್ಲ ಆ ಕೆಲಸ. ಸಂಜೆ ಎದ್ದು ಮೈ ಮುರಿದು, ಹೊಸ್ತಿಲಲ್ಲಿ ನಿಂತು "ಬಾ ತಾಯಿ, ಬಾ" ಎಂದರೆ ಕುರಿ ಎಲ್ಲಿದ್ದರೂ ಬರುತ್ತಿತ್ತು. ನಾನು ಅದೇ ದನಿಯಲ್ಲಿ ಕರೆದಾಗಲೂ ಬರುತ್ತಿತ್ತು. ಹತ್ತಿರ ಬಂದು ನನ್ನ ಮುಖ ನೋಡಿ, ಮೋಸ ಹೋದವರು ನೋಡುವಂತೆ ನೋಡಿ, ಉಚ್ಚೆ ಹೊಯ್ದು ಹೋಗುತ್ತಿತ್ತು. ನನ್ನ ಕಲೆಗೆ ಸಿಕ್ಕ ವಿಮರ್ಶೆಗಳಲ್ಲಿ ಅದೇ ಪ್ರಾಮಾಣಿಕವಾದದ್ದು.

ದನಿ ಬಂತು. ಅಷ್ಟರಲ್ಲಿ ಕುರಿ ಗಬ್ಬವೂ ಆಗಿತ್ತು. ಅವ್ವನಿಗೆ ಅದರಿಂದ ಚಿಂತೆಯೇನಿರಲಿಲ್ಲ, ಯಾಕೆಂದರೆ ನಮ್ಮ ಕ್ರೈಸ್ತ ಸಭೆಯಲ್ಲಿ ಹರಕೆಯ ಜೀವಕ್ಕೆ ಒಂದು ನಡಾವಳಿ ಇದೆ. ಸುಗ್ಗಿ ಕಾಣಿಕೆಯ ದಿನ ಜನ ಬೆಳೆದದ್ದು, ಸಾಕಿದ್ದು ತಂದು ಪ್ರಾರ್ಥನಾ ಮಂದಿರದೊಳಗೆ ಬೆಂಚುಗಳ ಮುಂದೆ ಇಡುತ್ತಾರೆ: ಕುಂಬಳಕಾಯಿ, ಮೊಟ್ಟೆ, ಶೇಂಗಾ ಚೀಲ, ಕೋಳಿ. ಆರಾಧನೆ ಮುಗಿದ ಮೇಲೆ ಎಲ್ಲ ಹರಾಜು, ಬಂದ ಹಣ ಸಭೆಗೆ. ಹರಕೆಯ ಜೀವ ಬಂದಾಗ ಮಾತ್ರ ಕೊಟ್ಟವರೇ ಒಂದು ಬೆಲೆ ಹೇಳಿ ಬಿಡಿಸಿಕೊಳ್ಳುತ್ತಾರೆ, ಮಿಕ್ಕವರು ಬಾಯಿ ಮುಚ್ಚಿಕೊಂಡಿರುತ್ತಾರೆ. ಯಾರೂ ಇದನ್ನು ಬರೆದಿಟ್ಟಿಲ್ಲ. ದೇವರಿಗೂ ಹರಕೆ ಮುಟ್ಟಿತು, ಬಡವರ ಹಟ್ಟಿಯೂ ಬರಿದಾಗಲಿಲ್ಲ. ಇನ್ನೊಂದು ಕಟ್ಟೂ ಉಂಟು: ಹರಕೆಯ ಜೀವವನ್ನು ಕೊಂಡವನೇ ತನ್ನ ಕೈಯಲ್ಲಿ ಹಗ್ಗ ಹಿಡಿದು ಮನೆಯವರೆಗೆ ನಡೆಸಿಕೊಂಡು ಹೋಗಬೇಕು. ಆಳಿನ ಕೈಗೆ ಹಗ್ಗ ಕೊಟ್ಟರೆ ಹರಕೆ ಮುಟ್ಟುವುದಿಲ್ಲ.

ಈಗ ನಮ್ಮ ಸಭೆಯ ಹಿರಿಯರ ವಿಷಯ. ಚಳ್ಳಕೆರೆಯಲ್ಲಿ ಅವರದು ಎಣ್ಣೆ ಮಿಲ್ಲು. ಮನೆ ಮಾತ್ರ ಮೊಳಕಾಲ್ಮೂರಿನಲ್ಲಿ, ಊರಂಚಿನ ಬಂಡೆಯ ನೆತ್ತಿಯ ಮೇಲೆ. ಕೆಳಗಿನಿಂದ ನೋಡಿದರೆ ಬೋಳು ತಲೆಗೆ ಟೋಪಿ ಇಟ್ಟ ಹಾಗೆ ಕಾಣುತ್ತದೆ. ಪ್ರಾರ್ಥನಾ ಮಂದಿರದ ತಗಡಿನ ಸೂರು ಅವರದು, ಬೆಂಚು ಅವರದು, ಫ್ಯಾನು ಅವರದು. ಫ್ಯಾನಿನ ಮೂರೂ ರೆಕ್ಕೆಗಳ ಮೇಲೆ ಅವರ ಹೆಸರು ಬರೆಸಿದ್ದಾರೆ. ತಿರುಗುವಾಗ ಹೆಸರು ಓದಲಾಗುವುದಿಲ್ಲವೆಂದು, ಆರಾಧನೆಗೆ ಮುಂಚೆ ಅವರು ಬಂದು ಕೂರುವ ತನಕ ಫ್ಯಾನು ಹಾಕುವ ಹಾಗಿಲ್ಲ. ಬೇಸಿಗೆಯಲ್ಲಿ ಇಡೀ ಸಭೆ ಬೆವರು ಸುರಿಸುತ್ತ ಅವರ ಹೆಸರನ್ನೇ ನೋಡುತ್ತ ಕೂತಿರುತ್ತದೆ.

ಅವರ ಅಪ್ಪ ಕುರಿ ಕಾಯುತ್ತಿದ್ದವರು. ಉಳ್ಳಾರ್ತಿ ಕಾವಲಿನಲ್ಲಿ ಮಂದೆ ಮೇಯಿಸಿಕೊಂಡು, ಹೆಗಲ ಮೇಲೊಂದು ಕರಿ ಕಂಬಳಿ ಹಾಕಿಕೊಂಡು ಬದುಕಿದ ಮನುಷ್ಯ. ಅತ್ತ ಬೇಲಿಗಳು ಎದ್ದು ಮೇವಿನ ನೆಲ ಹೋದ ಮೇಲೆ ಮಗ ಮಂದೆಯನ್ನು ಮಾರಿ ಮಿಲ್ಲಿಗೆ ಕೈ ಹಾಕಿದರು. ಮುದುಕರು ಕೊನೆಯ ವರ್ಷಗಳಲ್ಲಿ ಬಂಡೆಮನೆಯ ಜಗುಲಿಯಲ್ಲಿ ಕೂತು, ಇಲ್ಲದ ಮಂದೆಯನ್ನು ಕೂಗುತ್ತಿದ್ದರು: ನಾಲಿಗೆಯನ್ನು ಅಂಗುಳಕ್ಕೆ ಹೊಡೆದು ಒಂದು ಸದ್ದು, ಆಮೇಲೆ ಮೂಗಿನಿಂದ ಎಳೆದ "ಹುರ್ರ್ಯೋ... ಬಾರವ್ವೋ". ನೆಂಟರು ಬಂದಾಗ ಮಗ ಅವರನ್ನು ಒಳಗೆ ಕೂರಿಸಿ ಬಾಗಿಲು ಹಾಕಿಸುತ್ತಿದ್ದರು. ಆ ಕೂಗನ್ನು ನಾನು ಬಂಡೆಯ ಬುಡದಲ್ಲಿ ನಿಂತು ಕಲಿತದ್ದು. ಯಾರಿಗೂ ಮಾಡಿ ತೋರಿಸಿರಲಿಲ್ಲ. ಒಳ್ಳೆಯ ಮಾಲನ್ನು ಯಾವ ವ್ಯಾಪಾರಿಯೂ ಮೊದಲೇ ಅಂಗಡಿಯ ಬಾಗಿಲಿಗೆ ತೂಗುಹಾಕುವುದಿಲ್ಲ.

ಆ ಸಲ ಸುಗ್ಗಿ ಕಾಣಿಕೆಯ ದಿನ ಬೋಧನೆ ಮಾಡಿದವರು ಹೊಸ ಅಯ್ಯನವರು. ಬೇರೆ ಸೀಮೆಯಿಂದ ಆಗತಾನೆ ಬಂದಿದ್ದರು; ಬಂಡೆಮನೆಗೆ ಅವರನ್ನು ಇನ್ನೂ ಊಟಕ್ಕೆ ಕರೆದಿರಲಿಲ್ಲ. ಹಾಗೆ ಕರೆದಿದ್ದರೆ ಸತ್ಯವೇದದಲ್ಲಿ ಬೇರೆ ಪುಟ ತೆಗೆಯುತ್ತಿದ್ದರೋ ಏನೋ. ಪಾಪ, ತೆಗೆದದ್ದು ಪ್ರವಾದಿಗಳನ್ನು. ಪ್ರವಾದಿ ಅಂದರೆ ಸ್ವಂತ ಮಾತಾಡುವವನಲ್ಲ, ಮೇಲಿನವನ ಮಾತನ್ನು ಮೇಲಿನವನ ದನಿಯಲ್ಲೇ ಆಡುವವನು ಎಂದು ಮೊದಲು ಬಿಡಿಸಿ ಹೇಳಿದರು. ನಾನು ಬೆಂಚಿನಲ್ಲಿ ನೆಟ್ಟಗೆ ಕೂತೆ. ಹಾಗಾದರೆ ನಾನೂ ಅದೇ ಕಸುಬಿನವನು, ಸಂಬಳ ಮಾತ್ರ ಬಿರಿಯಾನಿ ಹೋಟೆಲಿನಿಂದ.

ಆಮೇಲೆ ಅಯ್ಯನವರು ಏರಿದರು. ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಂಡು ಕೊನೆಗೆ ಊರಲ್ಲಿ ತಾವೊಬ್ಬರೇ ಉಳಿಯುವವರಿಗೆ ಪ್ರವಾದಿ ಇಟ್ಟ ಶಾಪ. ದಂತದ ಮಂಚದಲ್ಲಿ ಹೊರಳುವವರಿಗೆ ಬೈದ ಬೈಗುಳ. "ಇದು ಹಳೇ ಕಾಲದವರಿಗೆ ಹೇಳಿದ್ದು ಅಂದುಕೊಳ್ಳಬೇಡಿ. ಇವತ್ತಿನ ಕಾರು, ಬಂಗಲೆ, ಮಿಲ್ಲಿಗೂ ಇದೇ ಮಾತು" ಎಂದರು. ಮಿಲ್ಲು ಎಂದಾಗ ಎರಡು ಸಾಲು ಕೆಮ್ಮಿತು. ಅಯ್ಯನವರಿಗೆ ಕೆಮ್ಮು ಪ್ರೋತ್ಸಾಹದಂತೆ ಕೇಳಿಸಿರಬೇಕು. ಕೈ ಮೇಲೆತ್ತಿ, ಬಂಡೆಯ ಎತ್ತರದಲ್ಲಿ ಹದ್ದಿನಂತೆ ಗೂಡು ಕಟ್ಟಿ 'ನನ್ನನ್ನು ಕೆಳಗಿಳಿಸುವವರು ಯಾರು' ಎಂದು ಬೀಗುವವನನ್ನು ದೇವರು ಅಲ್ಲಿಂದಲೇ ಎಳೆದು ಕೆಡವುತ್ತಾನೆ ಎಂದು ಗುಡುಗಿದರು.

ಬಂಡೆ ಎಂಬ ಮಾತು ಬಿದ್ದದ್ದೇ ಇಡೀ ಸಭೆಯ ಕತ್ತು ಒಟ್ಟಿಗೆ ಮುಂದಿನ ಬೆಂಚಿನ ಕಡೆ ತಿರುಗಿತು. ಹಿರಿಯರು ಅಲುಗಲಿಲ್ಲ. ಕಿವಿ ಮಾತ್ರ ಕಾದ ತವೆಯಂತೆ ಕೆಂಪಾಗಿತ್ತು. ಹಿಂದೆ ಕೂತಿದ್ದ ನಾನು, ಅವರದೇ ದನಿಯಲ್ಲಿ, ಸಣ್ಣಗೆ, "ಫ್ಯಾನ್ ಜೋರ್ ಮಾಡ್ರಲೇ" ಎಂದೆ. ಎರಡು ಬೆಂಚು ನಕ್ಕವು. ಅವ್ವ ನನ್ನ ತೊಡೆ ಚಿವುಟಿದಳು.

ಹರಾಜು ಕೂಗುವುದು ಪ್ರತಿ ವರ್ಷ ನಾನೇ. ಮೊದಲು ಬಂದದ್ದು ಕುಂಬಳಕಾಯಿ. ಯಾರೋ ಒಂದು ಬೆಲೆ ಹೇಳಿದರು. ಹಿರಿಯರು ಎದ್ದು ನಿಂತು, ಕಾಯಿಯನ್ನು ನೋಡದೆ ಜನರನ್ನು ನೋಡುತ್ತ, "ಡಬಲ್" ಎಂದರು.

ಮೊಟ್ಟೆ ಬಂತು. "ಡಬಲ್." ಶೇಂಗಾ ಬಂತು. ಶೇಂಗಾ ಅವರ ಮಿಲ್ಲಿನಲ್ಲಿ ಗುಡ್ಡೆ ಬಿದ್ದಿರುತ್ತದೆ. ಆದರೂ "ಡಬಲ್". ಬೋಧನೆ ಕೇಳಿ ತಗ್ಗಬೇಕಾಗಿದ್ದ ತಲೆ ಹೀಗೆ ಎತ್ತರವಾಗುತ್ತ ಹೋಯಿತು. ಬಂಡೆಯಿಂದ ಕೆಡವುವವರು ಯಾರು, ಬರಲಿ ನೋಡೋಣ ಎಂಬ ಹಾಗೆ. ಅಯ್ಯನವರು ಮಾತ್ರ ತಮ್ಮ ಬೋಧನೆ ಶ್ರೀಮಂತರ ಹೃದಯವನ್ನು ತೆರೆಯಿತೆಂದು ಕಣ್ಣು ಒದ್ದೆ ಮಾಡಿಕೊಂಡು ನಿಂತಿದ್ದರು.

ಆಮೇಲೆ ಅವ್ವನ ಕುರಿ. ಅವ್ವ ತಾನೇ ಹಗ್ಗ ಹಿಡಿದು ತಂದು ನಿಲ್ಲಿಸಿದಳು. ಸೆರಗಿನ ಗಂಟು ಬಿಚ್ಚಿ, ವರ್ಷವಿಡೀ ಕೂಡಿಟ್ಟದ್ದನ್ನು ಕೈಯಲ್ಲಿ ಹಿಡಿದು ಒಂದು ಬೆಲೆ ಹೇಳಿದಳು. ಸಭೆ ಪದ್ಧತಿಯಂತೆ ಬಾಯಿ ಮುಚ್ಚಿತು. ನಾನು ಬೇಗ ಬೇಗ ಕೂಗಿದೆ: "ಒಂದ್ಸಲ! ಎರಡ್ಸಲ!"

"ಡಬಲ್."

"ಹಿರೇರೇ," ಎಂದೆ, "ಇದು ಹರಕೆ ಜೀವ."

"ಹರಕೆ ಜೀವಕ್ಕೆ ರೇಟಿಲ್ವೇನಲೇ? ದೇವ್ರ ಮನೆಗೆ ನಾಕು ಕಾಸು ಜಾಸ್ತಿ ಬಂದ್ರೆ ನಿನ್ ಗಂಟ್ಲಿಗೇನು ನೋವು?"

ಅವ್ವ ಬಲಗಿವಿಯ ಓಲೆಯನ್ನು ಮುಟ್ಟಿ ನೋಡಿಕೊಂಡು ಇನ್ನಷ್ಟು ಸೇರಿಸಿ ಹೇಳಿದಳು.

"ಡಬಲ್."

ಸೂರು ಅವರದು, ಬೆಂಚು ಅವರದು. ಯಾರೂ ಉಸಿರೆತ್ತಲಿಲ್ಲ. ಅವ್ವ ಓಲೆಯಿಂದ ಕೈ ತೆಗೆದಳು. ದುಡ್ಡನ್ನು ಮತ್ತೆ ಸೆರಗಿಗೆ ಗಂಟು ಹಾಕಿದಳು. ಹಾಕುವಾಗ ಗಂಟು ಎರಡು ಸಲ ಜಾರಿತು. "ಕೂಗಲೇ," ಎಂದಳು ನನಗೆ, "ಬಾಯಿ ಬಂದೈತಲ್ಲ, ಕೂಗು." ಮೂರನೆಯ ಸಲವನ್ನು ನಾನೇ ಕೂಗಿದೆ.

ಅಷ್ಟಕ್ಕೆ ನಿಂತಿದ್ದರೆ ಹಿರಿಯರು ಗೆದ್ದಂತೆಯೇ ಇತ್ತು. ಆದರೆ ಅವರು ನನ್ನ ಕೈಯಿಂದ ಮೈಕು ಕಿತ್ತುಕೊಂಡರು.

"ಸ್ತೋತ್ರ. ಇವತ್ತು ಯಾರೂ ಬರೀ ಅನ್ನ ಸಾರು ಉಂಡು ಹೋಗಂಗಿಲ್ಲ. ಈ ಕುರಿ ಇಲ್ಲೇ ಕೊಯ್ಸಿ ಇಡೀ ಸಭೆಗೆ ಊಟ ಹಾಕ್ತೀನಿ. ಬಂಡೆ ಮೇಲಿರೋನಿಗೆ ಕೆಳಗಿರೋರ ಹಸಿವು ಗೊತ್ತಿಲ್ಲ ಅನ್ನಂಗಿಲ್ಲ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಉಣ್ಣೆ ದಟ್ಟವಾಗಿತ್ತು ನಿಜ, ಆದರೆ ಕುರಿಯ ಹೊಟ್ಟೆ ಎರಡೂ ಪಕ್ಕಕ್ಕೆ ಇಳಿದಿತ್ತು, ಕೆಚ್ಚಲು ಬಿಟ್ಟಿತ್ತು. ನಮ್ಮ ಕಡೆ ತೊಟ್ಟಿಲ ಕೂಸಿಗೂ ಇದು ತಿಳಿಯುತ್ತದೆ. ಗಬ್ಬದ ಜೀವಕ್ಕೆ ಕತ್ತಿ ಹಾಕಿಸಿದವನ ಮನೆಯಲ್ಲಿ ಯಾರೂ ನೀರು ಮುಟ್ಟುವುದಿಲ್ಲ. ಹಿರಿಯರೊಬ್ಬರೇ ಕುರಿಯನ್ನು ಬಿಟ್ಟು ಮಿಕ್ಕೆಲ್ಲವನ್ನೂ ನೋಡಿದ್ದರು.

ಮುಂದಿನ ಸಾಲಿನಲ್ಲಿ ಆಂಧ್ರದ ಗಡಿಯಾಚೆಯಿಂದ ಬಂದ ಒಬ್ಬ ಅಜ್ಜಿ, ಬಾಯಿ ತಡೆಯಲಾರದೆ, "ಚೂಡಿ ಗೊರ್ರೆ ಕದಾ ಅದಿ" ಎಂದಿತು. ಗಬ್ಬದ ಕುರಿಯಲ್ಲವೇ ಅದು ಎಂದು. ಪಕ್ಕದಲ್ಲಿದ್ದ ಸೊಸೆ ಅಜ್ಜಿಯ ಮೊಣಕೈ ಹಿಡಿದು ಪಿಸುಗುಟ್ಟಿದಳು:

"ಸುಮ್ಕಿರತ್ತೆ. ಇನ್ನೊಂಚೂರು ಮಾತಾಡ್ಲಿ."

ಎಲ್ಲರ ಕಣ್ಣೂ ಹೊಳೆಯುತ್ತಿದ್ದವು. ಪ್ರೀತಿಯಿಂದ ಇರಬೇಕು ಎಂದುಕೊಂಡರೇನೋ, ಹಿರಿಯರು ಇನ್ನೊಂಚೂರು ಮಾತಾಡಿದರು.

"ನಮ್ಮಪ್ಪ ಕುರಿ ಕಾಯ್ದೋನು. ಕುರಿ ವಿಷ್ಯದಾಗೆ ನಂಗೆ ಯಾರೂ ಹೇಳ್ಕೊಡೋದು ಬ್ಯಾಡ. ದೂರದಿಂದ ಒಂದ್ನೋಟ ನೋಡಿದ್ರೆ ಸಾಕು. ಒಳ್ಳೇ ಕೊಬ್ಬಿದ ಕುರಿ!"

ಮೈಕನ್ನು ನನ್ನ ಎದೆಗೆ ಒತ್ತಿ ಕೊಟ್ಟರು. ನಾನು ಅವ್ವನ ಕಡೆ ನೋಡಲಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಹೊಡೆದೆ. ಮೂಗಿನಿಂದ ಎಳೆದೆ.

"ಹುರ್ರ್ಯೋ... ಬಾರವ್ವೋ... ಲೇ ಮಗಾ. ಕೊಬ್ಬು ಯಾವ್ದು, ಬಸುರು ಯಾವ್ದು, ಗೊತ್ತಾಗ್ಲಿಲ್ಲೇನಲೇ? ಹೊಟ್ಟೆ ಮೇಲೆ ಕೈಯಿಟ್ಟು ನೋಡು. ಒಳಗೆ ಮರಿ ಒದೀತೈತೆ."

ತಗಡಿನ ಸೂರಿನ ಕೆಳಗೆ ಆ ದನಿ ಸತ್ತ ಮನುಷ್ಯನೇ ಎದ್ದು ಬಂದಂತೆ ಸುತ್ತಿತು. ಹಿರಿಯರ ಭುಜ ಕುಗ್ಗಿತು.

"ಹ್ಞೂಂ ಅಪ್ಪಾ," ಎಂದರು.

ಎಲ್ಲರಿಗೂ ಕೇಳಿಸಿತು. ಅಂದವರೇ ಬಗ್ಗಿದರು. ಬಿಳಿ ಪಂಚೆಗೆ ಮಣ್ಣು ಹತ್ತಿತು, ಕೈ ತಾನಾಗಿಯೇ ಕುರಿಯ ಹೊಟ್ಟೆಯಡಿಗೆ ಹೋಯಿತು, ಸರಿಯಾದ ಜಾಗಕ್ಕೇ ಹೋಯಿತು. ಅಲ್ಲೇ ನಿಂತಿತು.

ಆಮೇಲೆ ನಗು. ಅಂಥ ನಗುವನ್ನು ನಾನು ನನ್ನ ಯಾವ ಕಾರ್ಯಕ್ರಮದಲ್ಲೂ ಗಳಿಸಿಲ್ಲ. ಬೆಂಚು ಬಡಿದರು, ಶಿಳ್ಳೆ ಹೊಡೆದರು, ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಿತು. ಅಷ್ಟು ಹೊತ್ತು ಅವ್ವನಿಗಾಗಿ ಒಂದು ಮಾತಾಡದ ಬಾಯಿಗಳೆಲ್ಲ ಈಗ ತೆರೆದಿದ್ದವು. ಅಯ್ಯನವರಿಗೆ ಏನಾಯಿತೆಂದು ತಿಳಿಯದೆ, ಸಂತೋಷದ ಸುದ್ದಿಯಿರಬಹುದೆಂದು ಅವರೂ ಚಪ್ಪಾಳೆ ತಟ್ಟಿದರು.

ಹಿರಿಯರು ಎದ್ದು, "ಡ್ರೈವರ್, ಹಗ್ಗ ಹಿಡ್ಕೊಳ್ಳೋ" ಎಂದರು.

"ಆಳಿನ ಕೈಗೆ ಕೊಡಂಗಿಲ್ರೀ ಹಿರೇರೇ!" ಹಿಂದಿನಿಂದ ಯಾರೋ ಕೂಗಿದರು. ಹರಕೆ ಜೀವದ ಮೇಲೆ ಬೆಲೆ ಏರಿಸುವಾಗ ಯಾರಿಗೂ ನೆನಪಾಗದಿದ್ದ ಪದ್ಧತಿ ಈಗ ಎಲ್ಲರಿಗೂ ಬಾಯಿಪಾಠವಾಗಿತ್ತು. "ಕೊಂಡೋರೇ ನಡೆಸ್ಬೇಕು!" "ಬಂಡೆ ತಂಕ ನಡೀರಿ!" "ಪಂಚೆ ಎತ್ಕಟ್ರಿ, ಅಪ್ಪನ ತರ!"

ಹಾಗೆ ಮೆರವಣಿಗೆ ಹೊರಟಿತು. ಮುಂದೆ ಹಗ್ಗ ಹಿಡಿದ ಹಿರಿಯರು, ಹಗ್ಗದ ತುದಿಯಲ್ಲಿ ಬರಲೊಲ್ಲದ ಕುರಿ, ಹಿಂದೆ ಮೊಬೈಲು ಎತ್ತಿ ಹಿಡಿದ ಸಭೆ. ಎಲ್ಲರಿಗಿಂತ ಹಿಂದೆ ಅವರ ಕಾರು, ಒಳಗೆ ಅವರ ಹೆಂಡತಿ, ಕಾರಿನ ನಾಲ್ಕೂ ದೀಪ ಮಿಣುಕುತ್ತಿದ್ದವು. ಗ್ಯಾರೇಜಿನ ಸಾಬರು ಲಾರಿಯಡಿಯಿಂದ ತಲೆ ಹೊರಹಾಕಿ, "ಕ್ಯಾ ಸಾವ್ಕಾರ್, ಎಣ್ಣೆ ಬಿಟ್ಟು ಕುರಿ ಧಂದಾ ಶುರುನಾ?" ಎಂದರು. ಮಗ್ಗದ ಮನೆಗಳಲ್ಲಿ ಸದ್ದು ನಿಂತು ಕಿಟಕಿಗಳು ತುಂಬಿಕೊಂಡವು. ನಾನು ಮೈಕಿಲ್ಲದೆಯೇ ನನ್ನ ಆಟೋ ದನಿಯಲ್ಲಿ ಕೂಗುತ್ತ ಹೋದೆ: "ಬನ್ನಿರಿ, ನೋಡಿರಿ! ಇಂದೇ ಕೊನೆಯ ದಿನ! ಬಂಡೆಯಿಂದ ಇಳಿದವರು, ಬಂಡೆಗೆ ಹೊರಟವರು!"

ಬಂಡೆಯ ಬುಡದಲ್ಲಿ ಏರು ಶುರುವಾಗುವ ಕಡೆ ಕುರಿ ಕೂತುಬಿಟ್ಟಿತು. ದಿನ ತುಂಬಿದ ಹೊಟ್ಟೆ. ಹಿರಿಯರು ಎಳೆದರು. ಅದು ಕತ್ತು ಚಾಚಿ ಒರಲಿತು, ಏಳಲಿಲ್ಲ. "ಬಾ" ಎಂದರು, ಮಿಲ್ಲಿನ ಆಳನ್ನು ಕರೆಯುವ ಹಾಗೆ. ನಗು. ನಾಲಿಗೆ ಹೊಡೆದು ನೋಡಿದರು. ಸದ್ದು ಬಾಯೊಳಗೇ ಸತ್ತಿತು. "ಹುರ್ರ್ಯೋ" ಎನ್ನಲು ಹೋಗಿ ಕೆಮ್ಮಿದರು. ಇನ್ನೂ ಹೆಚ್ಚು ನಗು. ಆಗ ಅವರು ಬೆವರು ಒರೆಸದೆ ನನ್ನ ಹತ್ತಿರಕ್ಕೆ ಬಂದರು. ಮೊದಲ ಸಲ ನನ್ನ ಮುಖವನ್ನು ನೋಡಿ ಮಾತಾಡಿದರು.

"ಲೇ... ಇನ್ನೊಂದ್ಸಲ ಕೂಗಪ್ಪ. ನಮ್ಮಪ್ಪನಂಗೆ."

ಕುರಿ ಏಳಲೆಂದು ಕೇಳಿದರೋ, ತಮ್ಮ ಕಿವಿಗಾಗಿ ಕೇಳಿದರೋ ಗೊತ್ತಿಲ್ಲ. ಸುತ್ತ ಮೊಬೈಲುಗಳು ನನ್ನ ಕಡೆ ತಿರುಗಿದವು. ನಾನು ಅವರದೇ ದನಿ ತೆಗೆದೆ.

"ದೇವ್ರ ಮನೆಗೆ ಏನ್ ಕೊಡ್ತೀಯಲೇ? ಡಬಲ್ ಕೊಡು, ಕೂಗ್ತೀನಿ!"

ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಹಿರಿಯರು ನಗುವವರ ನಡುವೆ ಹಗ್ಗ ಹಿಡಿದು ನಿಂತಿದ್ದರು, ಬಾಯಿ ಸ್ವಲ್ಪ ತೆರೆದಿತ್ತು.

ಅವ್ವ ಗುಂಪನ್ನು ಸೀಳಿಕೊಂಡು ಬಂದಳು. ನನ್ನನ್ನು ದಾಟಿ ಹೋದಳು. ಕುರಿಯ ಗದ್ದದ ಕೆಳಗೆ ಕೈಯಿಟ್ಟು, "ಏಳು ತಾಯಿ" ಎಂದಳು. ಕುರಿ ಎದ್ದಿತು. ಹಗ್ಗವನ್ನು ಮಾತ್ರ ಅವಳು ಮುಟ್ಟಲಿಲ್ಲ. "ನೀವು ಹಿಡ್ಕಳ್ರಿ, ನಾ ಮುಂದೆ ನಡೀತೀನಿ. ಎಳೀಬ್ಯಾಡ್ರಿ" ಎಂದಳು. ಮುಂದೆ ಅವ್ವ, ಅವಳ ಹಿಂದೆ ಕುರಿ, ಕುರಿಯ ಹಿಂದೆ ಹಗ್ಗಕ್ಕೆ ಕಟ್ಟಿಸಿಕೊಂಡವರಂತೆ ಹಿರಿಯರು. ಮೂವರೂ ಏರು ಹತ್ತಿದರು. ಮೇಲೆ ಗೇಟು ಸದ್ದಾಯಿತು. ತುಸು ಹೊತ್ತಿಗೆ ಅವ್ವ ಒಬ್ಬಳೇ ಇಳಿದು ಬಂದಳು. ಮೇಲಿನಿಂದ ಕುರಿ ಒರಲುತ್ತಿತ್ತು. ಅವಳು ತಿರುಗಿ ನೋಡಲಿಲ್ಲ, ಕರೆಯಲೂ ಇಲ್ಲ. ಕರೆದರೆ ಅದು ಬಂಡೆಯಿಂದ ಹಾರಿಯಾದರೂ ಬರುತ್ತಿತ್ತೆಂದು ಅವಳಿಗೆ ಗೊತ್ತಿತ್ತು.

ನಾನು ನಗಿಸಲು ನೋಡಿದೆ. "ಹೆಂಗವ್ವಾ, ಪ್ರವಾದಿ ಮಾತು ನಿಜ ಆತಲ್ಲ? ಬಂಡೆಯಿಂದ ಇಳಿಸ್ಬಿಟ್ಟೆ."

"ನೀ ಇಳಿಸ್ದೆ, ಹ್ಞಾಂ," ಎಂದಳು. "ಜನ ನಗೋವಾಗ ನಿನ್ ಮುಖ ನೋಡ್ದೆ. ಡಬಲ್ ಅನ್ನೋವಾಗ ಅವ್ನ ಮುಖ ಹೆಂಗಿತ್ತೋ ಹಂಗೇ ಇತ್ತು. ಅದನ್ನ ಮಾತ್ರ ಚೆಂದಾಗಿ ಕಲ್ತೀಯ."

ಸ್ವಲ್ಪ ದೂರ ನಡೆದ ಮೇಲೆ, ನನಗಲ್ಲ, ರಸ್ತೆಗೆ ಹೇಳುವಂತೆ ಹೇಳಿದಳು:

"ಈ ಗಂಟ್ಲಿಗೆ ಕೊಟ್ನಲ್ಲ ಆ ಜೀವಾನ."

ಪ್ರವಾದಿ ಹೇಳಿದ ಬೀಳುವಿಕೆ ಆಮೇಲೂ ಬರಲಿಲ್ಲ. ಮಿಲ್ಲಿಗೆ ಹೊಸ ಮಿಷನ್ ಬಂತು, ಫ್ಯಾನಿನ ಮೇಲಿನ ಹೆಸರಿಗೆ ಹೊಸ ಬಣ್ಣ ಬಂತು. ನನ್ನ ವಿಡಿಯೋ ಬಳ್ಳಾರಿಯವರೆಗೂ ಹೋಗಿ, ನನ್ನ ರೇಟೂ ಏರಿತು. ಏರಿದ ದಿನ ನಾನೇ ನನಗೊಂದು ಕೂಲಿಂಗ್ ಗ್ಲಾಸು ಕೊಂಡು ಓಣಿಯಲ್ಲಿ ಎರಡು ಸುತ್ತು ಹಾಕಿದೆ, ಪಕ್ಕದ ಮನೆಯ ಅತ್ತೆ, "ಯಾರಪ್ಪಾ ನೀನು, ಕರೆಂಟ್ ಬಿಲ್ಲಿನೋನಾ?" ಎಂದರು.

ಕುರಿ ಬಂಡೆಯ ಮೇಲೆಯೇ ಈಯಿತು. ಎರಡು ಮರಿಗಳೆಂದು ಡ್ರೈವರ್ ಹೇಳಿದ. ಈಗ ಬೆಳಿಗ್ಗೆ ಹೊತ್ತು, ಮಗ್ಗಗಳು ಶುರುವಾಗುವ ಮುಂಚೆ, ಬಂಡೆಯ ಮೇಲಿನಿಂದ ಒಂದು ಕೂಗು ಕೇಳುತ್ತದೆ. ನಾಲಿಗೆಯ ಸದ್ದು ಬರುವುದಿಲ್ಲ. "ಹುರ್ರ್ಯೋ" ಮೂಗಿನಿಂದ ಹೊರಡಬೇಕು, ಹಿರಿಯರದು ಎದೆಯಿಂದ ಹೊರಟು ಗಂಟಲಲ್ಲಿ ಒಡೆಯುತ್ತದೆ. ಎಷ್ಟು ತಪ್ಪು ಎಂದರೆ ಕೇಳುತ್ತ ನನ್ನ ನಾಲಿಗೆ ತುರಿಸುತ್ತದೆ.

ಅವ್ವ ಲಾಳಿಗೆ ಕೂರಲು ಹೊರಡುವವಳು ಹೊಸ್ತಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಾಳೆ. "ಹೋಗಿ ಹೇಳ್ಕೊಡಲೇ," ಅನ್ನುತ್ತಾಳೆ. "ಪಾಪ, ಅದು ಅವನಪ್ಪನ ಕೂಗು."

ಒಂದು ಸಲ ಹೋಗಿ ಬಾಯಿಂದ ಬಾಯಿಗೆ ಹೇಳಿಕೊಟ್ಟರೆ ಬಂದುಬಿಡುತ್ತದೆ. ಆದರೆ ಈ ಊರಿನಲ್ಲಿ ಆ ದನಿ ಸರಿಯಾಗಿ ಇರುವುದು ನನ್ನ ಹತ್ತಿರ ಮಾತ್ರ. ಅವ್ವ ಅತ್ತ ಹೋದ ಮೇಲೆ ನಾನು ಬಾಗಿಲು ಹಾಕಿಕೊಂಡು, ಅವರು ತಪ್ಪಾಗಿ ಕೂಗುವುದನ್ನು ಹಾಗೆ ಹಾಗೆಯೇ ಕೂಗಿ ಅಭ್ಯಾಸ ಮಾಡುತ್ತೇನೆ. ಮುಂದಿನ ಸುಗ್ಗಿ ಕಾಣಿಕೆಗೆ ಬೇಕಾಗಬಹುದು.